ಮನೆಯಲ್ಲಿ ಯಾರೂ ಇಲ್ಲ ಎಂದ ಯಂತ್ರ

ಮುಂಡಗೋಡ

ಟೊರಾಂಟೊದ ದಾರಿ ಹಳಿಯಾಳ, ಮುಂಡಗೋಡಗಳ ಮೇಲೆ ಹಾದುಹೋಗುತ್ತದೆ ಎಂದರೆ ನೀವು ನಗಬಹುದು. ನನ್ನ ಮಟ್ಟಿಗೆ ಅದು ನಿಜ. ಹೊರಡುವ ವಾರ ದಾಂಡೇಲಿಯಿಂದ ಬೆಳಗಿನ ಬಸ್ಸು ಹಿಡಿದು ಹಳಿಯಾಳದಲ್ಲಿ ಇಳಿದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಫಿಲೋಮಿನಾ ಒಂದು ಕೌದಿ ಹೊಲಿದಿಟ್ಟಿದ್ದಳು. ಸಿದ್ದಿ ಹೆಣ್ಣುಮಕ್ಕಳ ಕೌದಿಯನ್ನು ನೀವು ನೋಡಿರಬೇಕು. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳೆಲ್ಲ ಅದರಲ್ಲಿ ಒಂದಕ್ಕೊಂದು ಹೊಂದಿಕೊಂಡು ಸಂಸಾರ ಮಾಡುತ್ತಿರುತ್ತವೆ. ಶಾಲೆಯಲ್ಲಿ ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಈಗ ಕೂತಲ್ಲಿಂದ ಏಳದೆ ಇಷ್ಟಗಲ ಹೊಲಿದಿದ್ದಾಳೆ.

ಅಲ್ಲಿಂದ ಮುಂಡಗೋಡ, ಟಿಬೆಟನ್ ಕ್ಯಾಂಪು. ಟೊರಾಂಟೊದಲ್ಲಿರುವ ಡೋಲ್ಮಾಳಿಗೆ ಮುಟ್ಟಿಸಲೆಂದು ಅವಳ ಅತ್ತಿಗೆ ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತುವನ್ನು ನನ್ನ ಕೈಗಿತ್ತಳು. ಅದು ಡೋಲ್ಮಾಳ ತಾಯಿಯ ಪ್ರಾರ್ಥನಾ ಚಕ್ರ. ಮರದ ಹಿಡಿಕೆ, ಅದರ ಮೇಲೆ ತಾಮ್ರದ ಪುಟ್ಟ ಡಬ್ಬಿ, ಡಬ್ಬಿಯಿಂದ ಇಳಿಬಿದ್ದ ಸರಪಳಿಯ ತುದಿಗೊಂದು ಗುಂಡು. ಒಳಗೆ ಮಂತ್ರ ಬರೆದ ಕಾಗದದ ಸುರುಳಿ. ಮಣಿಕಟ್ಟು ಆಡಿಸಿದರೆ ಡಬ್ಬಿ ಗಿರಗಿರ ತಿರುಗುತ್ತದೆ, ಮಂತ್ರ ಜಪಿಸಿದ ಪುಣ್ಯ ಬರುತ್ತದೆ.

ಡೋಲ್ಮಾ ನನ್ನ ಗೆಳತಿ. ಧಾರವಾಡದಲ್ಲಿ ದೈಹಿಕ ಶಿಕ್ಷಣದ ತರಬೇತಿ ಪಡೆಯುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ದಾಂಡೇಲಿಯಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಿಯವರೆಗೆ ಸೀಟಿ ಊದಿದೆ. ಅವಳು ಮದುವೆಯಾಗಿ, ಚಳಿಗಾಲದಲ್ಲಿ ಗಂಡನೊಡನೆ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಿದಳು. ಆಮೇಲೆ ಸಂಸಾರ ಕಟ್ಟಿಕೊಂಡು ಕೆನಡಾಕ್ಕೆ ಹೋದಳು. ಈಗ ಗಂಡ ಇಲ್ಲ. ಗಂಡ ಕೊಂಡ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. "ಸಾಯೂದ್ರೊಳಗ ಒಮ್ಮೆ ಬಂದು ಥಂಡಿ ಅಂದ್ರೇನು ನೋಡಿ ಹೋಗಲೇ" ಎಂದು ವರ್ಷಗಟ್ಟಲೆ ಕರೆದಿದ್ದಳು. ಮುಂಡಗೋಡದ ಬಿಸಿಲಿನಲ್ಲಿ ಬೆಳೆದವಳು ನನಗೆ ಥಂಡಿ ತೋರಿಸುತ್ತಾಳಂತೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಎಲ್ಲ ಪಾಸಾದವು. ಚಕ್ರ ಮಾತ್ರ ಸಿಕ್ಕಿಬಿತ್ತು. ಇದೇನು, ತಿರುಗಿಸಿ ತೋರಿಸಿ ಎಂದರು. ತಿರುಗಿಸಿದೆ. ಸಾಲಿನಲ್ಲಿ ನನ್ನ ಹಿಂದೆಯೇ ಇದ್ದ ಮುಂಡಗೋಡದ ತರುಣ ಲಾಮಾ ಒಬ್ಬರು ಮೆಲ್ಲಗೆ ಹೇಳಿದರು:

"ಅಕ್ಕಾರ, ಉಲ್ಟಾ ತಿರಗಸಾಕತ್ತೀರಿ. ಗುಡಿ ಸುತ್ತತೀವಲ್ರೀ, ಹಂಗ ಬಲಕ್ಕ ತಿರಗಸ್ರಿ. ಇಲ್ಲಾಂದ್ರ ಇದ್ದ ಪುಣ್ಯಾನೂ ಖಾಲಿ."

ಅಧಿಕಾರಿಗೂ ಕನ್ನಡ ಬರುತ್ತಿತ್ತು. ನಗುತ್ತಾ ಬಿಟ್ಟುಕೊಟ್ಟರು.

ಟೊರಾಂಟೊ, ಕಾರಿನಲ್ಲಿ

ಕರೆದೊಯ್ಯಲು ಬಂದವಳು ಡೋಲ್ಮಾಳ ಮಗಳು ಪೆಮಾ. ಆಸ್ಪತ್ರೆಯಲ್ಲಿ ನರ್ಸ್. ಊರಿನ ಇನ್ನೊಂದು ತುದಿಯಲ್ಲಿ ಸಣ್ಣ ಬಾಡಿಗೆ ಫ್ಲ್ಯಾಟಿನಲ್ಲಿರುತ್ತಾಳೆ. ಹುಬ್ಬಳ್ಳಿಯ ಸ್ವೆಟರ್ ಅಂಗಡಿಯ ಗಂಟುಗಳ ನಡುವೆ ಮಲಗುತ್ತಿದ್ದ ಕೂಸು ಇದೇ. ಕನ್ನಡ ಮರೆತಿಲ್ಲ, ಮಡಚಿಟ್ಟ ಬಟ್ಟೆಯಂತೆ ಅಲ್ಲಲ್ಲಿ ಗೆರೆ ಬಿದ್ದಿದೆ, ಅಷ್ಟೇ.

ಕಾರು ಹೊರಡುತ್ತಲೇ ಅವಳು ವಿಷಯಕ್ಕೆ ಬಂದಳು.

"ಮೌಶಿ, ಅಮಾಲಾ ನಸುಕಿನ್ಯಾಗ ಎಲ್ಲೋ ಹೊರಗ ಹೋಗ್ತಾಳ. ಬರ್ಫಿನ್ಯಾಗ. ಕೇಳಿದ್ರ, ಮನ್ಯಾಗ ಇದ್ದೆ ಅಂತಾಳ."

ಅಮಾಲಾ ಎಂದರೆ ಅವರ ಮಾತಿನಲ್ಲಿ ಅವ್ವ; ಮೌಶಿ ಎಂದರೆ ನಮ್ಮ ಕಡೆಯ ಚಿಕ್ಕಮ್ಮ.

"ಹೋಗೂದನ್ನ ನೀ ನೋಡೀಯೇನು?"

"ಮಶಿನ್ ಹೇಳ್ತದ. ಥರ್ಮೋಸ್ಟಾಟ್. ಮನಿ ಕಾವು ನೋಡ್ಕೊಳ್ಳೂದು. ಹೋದ ಚಳಿಗಾಲ ಖರ್ಚು ಉಳಸಾಕಂತ ಅಮಾಲಾ ಎಲ್ಲಾ ಆರಿಸಿ ಕುಂತಿದ್ಲು, ನ್ಯುಮೋನಿಯಾ ಆತು. ಅದಕ್ಕ ಈ ಸ್ಮಾರ್ಟ್ ಮಶಿನ್ ಹಾಕ್ಸೀನಿ. ಮನ್ಯಾಗ ಯಾರೂ ಇಲ್ಲಂದ್ರ ತಾನ ಕಾವು ಇಳಸ್ತದ, ನನ್ನ ಫೋನಿಗೂ ತಿಳಸ್ತದ. ದಿನಾ ನಸುಕಿನ್ಯಾಗ ಯಾರೂ ಇಲ್ಲ ಅಂತ ಬರ್ತದ. ಫೋನ್ ಹಚ್ಚಿದ್ರ ಎತ್ತೂದಿಲ್ಲ."

ಸಿಗ್ನಲ್ಲಿನಲ್ಲಿ ನಿಂತಾಗ ಅವಳು ನನ್ನ ಕಡೆ ತಿರುಗಿದಳು. "ಹೋಗಿದ್ದು ಅಕಿಗೆ ನೆನಪ ಇರೂದಿಲ್ಲ, ಮೌಶಿ. ಆಸ್ಪತ್ರ್ಯಾಗ ಇಂಥವರನ್ನ ನಾ ನೋಡ್ತೀನಿ. ಬರ್ಫಿನ್ಯಾಗ ಕುಂತುಬಿಟ್ರ ಮುಗೀತು. ಮುದುಕರ ಆಶ್ರಮದಾಗ ಒಂದು ಕೋಣಿ ಸಿಕ್ಕೇತಿ. ಮನಿ ಮಾರಬೇಕಾಗ್ತದ. ನೀವು ಕಣ್ಣಾರೆ ನೋಡಿ ಹೇಳ್ರಿ. ಆಮ್ಯಾಲೆ ಅವರಿಗೆ ಹೂಂ ಅಂತೀನಿ."

ಕಿಟಕಿಯ ಹೊರಗೆ ಹಿಮ ಬಿದ್ದು ಊರೆಲ್ಲ ಸುಣ್ಣ ಹೊಡೆದಂತೆ ಬೆಳ್ಳಗಿತ್ತು. ಪ್ರವಾಸಕ್ಕೆಂದು ಬಂದವಳಿಗೆ ಇಳಿದ ಕೂಡಲೇ ಕಾವಲಿನ ಕೆಲಸ ಬಿತ್ತು. ಆಗಲಿ, ನೋಡುತ್ತೇನೆ ಎಂದೆ.

ಡೋಲ್ಮಾಳ ಮನೆ

ಡೋಲ್ಮಾ ಬಾಗಿಲಲ್ಲೇ ತಬ್ಬಿಕೊಂಡು, "ಅಕ್ಕೋರ, ಸೀಟಿ ತಂದೀರೇನ್ರಿ?" ಎಂದಳು, ಟೀಚರನ್ನು ಕರೆಯುವ ಶಾಲೆಯ ಮಕ್ಕಳಂತೆ. ತಂದಿದ್ದೆ. ನಲವತ್ತು ವರ್ಷ ಕೊರಳಲ್ಲಿದ್ದದ್ದನ್ನು ಬಿಟ್ಟು ಹೇಗೆ ಬರುವುದು? ತಾಯಿಯ ಚಕ್ರವನ್ನು ಕೈಗೆ ಕೊಟ್ಟೆ. ಹಣೆಗೆ ಒತ್ತಿಕೊಂಡು ಒಳಕ್ಕೆ ಒಯ್ದು ದೇವರ ಮುಂದಿಟ್ಟಳು.

ಉದ್ದಕ್ಕೆ, ಕಿರಿದಾಗಿ, ಪಕ್ಕದ ಮನೆಗೆ ಅಂಟಿಕೊಂಡಂಥ ಮನೆ. ದಾಂಡೇಲಿಯಲ್ಲಿ ನಾನು ಬೆಳೆದ ಮಿಲ್ಲಿನ ಕ್ವಾರ್ಟರ್ಸೇ ನೆನಪಾಯಿತು. ಹಜಾರದ ಗೋಡೆಗೆ ಬಿಲ್ಲೆಯಂತಹ ಒಂದು ಗಾಜಿನ ಗುಂಡು, ಪೆಮಾ ಹೇಳಿದ ಯಂತ್ರ ಅದೇ. ಹತ್ತಿರ ಹೋದರೆ ಬೆಳಗುತ್ತದೆ, ದೂರ ಸರಿದರೆ ಕಣ್ಣು ಮುಚ್ಚುತ್ತದೆ.

"ತಳಮನ್ಯಾಗ ಒಂದು ದೊಡ್ಡ ಒಲಿ ಐತಿ, ಬಚ್ಚಲ ಒಲಿ ಅಂತ ತಿಳ್ಕೊ. ಅದರ ಬಿಸಿ ಗಾಳಿ ಈ ನೆಲದ ಜಾಳಿಗ್ಯಾಗಿಂದ ಮ್ಯಾಲ ಬರ್ತೈತಿ. ಈ ಗುಂಡು ಅದರ ಭೋಂಗಾ. ಇದು ಏಳು ಅಂದ್ರ ಒಲಿ ಏಳಬೇಕು."

ಭೋಂಗಾ. ಮಿಲ್ಲಿನ ಸೈರನ್ನಿಗೆ ನಮ್ಮ ಕಡೆಯ ಆ ಹೆಸರು ಕೇಳಿ ಅದೆಷ್ಟು ದಿನವಾಗಿತ್ತು. ನಮ್ಮಪ್ಪ ಪೇಪರ್ ಮಿಲ್ಲಿನ ಪಾಳಿಯವರು. ನಸುಕಿನ ಭೋಂಗಾ ಕೂಗಿದರೆ ಇಡೀ ದಾಂಡೇಲಿ ಏಳುತ್ತಿತ್ತು. ಅವ್ವ ಒಲೆ ಹಚ್ಚುತ್ತಿದ್ದಳು, ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು, ಕಾಳಿ ನದಿಯ ಮೇಲಿನ ಮಂಜಿನಲ್ಲಿ ಸೈಕಲ್ಲುಗಳ ಗಂಟೆ. ರಜೆಯವರಿರಲಿ, ಜ್ವರದವರಿರಲಿ, ಭೋಂಗಾ ಎಲ್ಲರಿಗೂ ಒಂದೇ ಸಮ ಕೂಗುತ್ತಿತ್ತು. ನನಗೆ ಶಿಸ್ತು ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಅದು.

"ಇದರಿಂದ ಲಾಭ ಐತೇನು?" ಎಂದು ಕೇಳಿದೆ. ಊರಲ್ಲಿ ಯಾರಾದರೂ ಕೇಳಿಯಾರು, ಉತ್ತರ ಇರಲಿ ಎಂದು.

"ಹಾಕ್ಸೂದಕ್ಕ ಖರ್ಚ ಬಂತು. ಹಳೇ ಮನಿ, ಹೊಸಾ ವಾಯರ್ ಎಳೀಬೇಕು ಅಂತ ಒಬ್ಬಾವ ಬಂದು ಗ್ವಾಡಿ ಕೊರದು ಹ್ವಾದ. ಈಗ ಬಿಲ್ ಇಳದೈತಿ ಅಂತ ಪೆಮಾ ಹಿಗ್ಗತಾಳ. ಇಳೀದ ಏನ್ ಮಾಡ್ತೈತಿ? ನಾ ಥಂಡ್ಯಾಗ ಕುಂತಿರ್ತೇನಲ್ಲ."

"ಯಾಕ?"

ಅವಳು ದನಿ ತಗ್ಗಿಸಿದಳು, ಗೋಡೆಯ ಗುಂಡು ಕೇಳಿಸಿಕೊಂಡೀತು ಎನ್ನುವಂತೆ. "ದಿನಾ ನಸುಕಿನ್ಯಾಗ ನಾ ಜಪಕ್ಕ ಕುಂತಾಗ ಅಕಿ ಅಲ್ಲಿಂದ ಫೋನ್ ಒತ್ತಿ ಕಾವು ಇಳಸ್ತಾಳ. ಮುದುಕಿ ಥಂಡಿಗೆ ಸೋತು ಮನಿ ಬಿಡ್ಲಿ ಅಂತ."

"ಅಕಿನ್ನ ಕೇಳೀಯೇನು?"

"ಹೊಟ್ಟ್ಯಾಗ ಹುಟ್ಟಿದಾಕಿನ್ನ ಏನಂತ ಕೇಳ್ಲಿ? ನನ್ನ ಥಂಡ್ಯಾಗ ಕುಂಡ್ರಸಬ್ಯಾಡವಾ ಅಂತ ಬೇಡ್ಲೇನು?"

ಮಗಳು ತಾಯಿಗೆ ಮರೆವು ಎನ್ನುತ್ತಿದ್ದಾಳೆ, ತಾಯಿ ಮಗಳಿಗೆ ಕರುಣೆಯಿಲ್ಲ ಎನ್ನುತ್ತಿದ್ದಾಳೆ. ಇಬ್ಬರ ನಡುವೆ ಮಾತಾಡುತ್ತಿರುವುದು ಆ ಗುಂಡು ಒಂದೇ.

ಬಸ್ಸು ಮತ್ತು ಬರ್ಫ

ಎಲ್ಲಿಗೆ ಹೋದರೂ ನನ್ನ ಬೆಳಗು ಬದಲಾಗುವುದಿಲ್ಲ. ಭೋಂಗಾದ ಹೊತ್ತಿಗೆ ಎದ್ದು ಹಜಾರದಲ್ಲಿ ಕೈಕಾಲು ಬೀಸಿ ವ್ಯಾಯಾಮ, ಆಮೇಲೆ ಸೂರ್ಯ ನಮಸ್ಕಾರ. ಅಲ್ಲಿ ಸೂರ್ಯ ಏಳಲು ಇನ್ನೂ ಬಹಳ ಹೊತ್ತು. ಸುಮ್ಮನೆ ಅವನಿರುವ ದಿಕ್ಕಿಗೆ ಮುಖ ಮಾಡಿದೆ. ಡೋಲ್ಮಾ ಹಿಂದಿನ ಸಣ್ಣ ಕೋಣೆಯಲ್ಲಿ ಜಪಕ್ಕೆ ಕೂರುತ್ತಿದ್ದಳು. ನಾನು ಕಾವಲು ಕಾಯುತ್ತಿದ್ದೆನಲ್ಲ, ಬಾಗಿಲ ಮೇಲೆ ಒಂದು ಕಣ್ಣು. ಯಾವ ದಿನವೂ ಅವಳು ಹೊಸ್ತಿಲು ದಾಟಲಿಲ್ಲ. ಇನ್ನೂ ವಿಚಿತ್ರವೆಂದರೆ ಮನೆಯೂ ಬೆಚ್ಚಗೇ ಇತ್ತು.

"ನೋಡು," ಎಂದಳು ಡೋಲ್ಮಾ, ಬೆಣ್ಣೆ ಹಾಕಿದ ಉಪ್ಪಿನ ಚಹಾ ಬಗ್ಗಿಸುತ್ತಾ. "ನೀ ಬಂದ ಮ್ಯಾಲೆ ಕಾವು ಇಳಿಸಿಲ್ಲ. ಬಂದವರಿಗೊಂದು ಕಾವು, ತಾಯಿಗೊಂದು ಕಾವು."

ಪೆಮಾಳನ್ನು ಫೋನಿನಲ್ಲಿ ವಿಚಾರಿಸಿದರೆ ಅವಳದೂ ಅದೇ ರಾಗ, ಬೇರೆ ತಾಳ. "ಈಗ ಹೊರಗ ಹೋಗಾಕತ್ತಿಲ್ಲ, ಮೌಶಿ. ನೀವಿದ್ದೀರಿ ಅಂತ ಭಯ ಇರ್ಬೇಕು. ನೀವು ಹ್ವಾದ ಮ್ಯಾಲೆ ಏನು?"

ಹಗಲು ಊರು ನೋಡಿದೆವು. ಅಲ್ಲಿನವರು ಬಸ್ಸು ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಜೋಯಿಡಾ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ಹೆದರಿ, ಏನಾತ್ರೀ ಎಂದು ಬ್ರೇಕ್ ಹಾಕಿಯಾನು. ಬಾಗಿಲು ದಾಟುವವರು ಹಿಂದಿನವರಿಗಾಗಿ ಅದನ್ನು ಹಿಡಿದು ನಿಲ್ಲುತ್ತಾರೆ. ನಾನು ಇನ್ನೂ ದೂರದಲ್ಲಿದ್ದರೂ ಒಬ್ಬ ಹೀಗೆ ಹಿಡಿದು ನಿಂತ. ಅವನನ್ನು ಕಾಯಿಸಬಾರದೆಂದು ನಾನು ಓಡಬೇಕಾಯಿತು. ಗುರುತಿಲ್ಲದವರೂ ಹವೆಯ ಸುದ್ದಿ ಹೇಳುತ್ತಾರೆ. ಊಟವಾಯಿತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಡೋಲ್ಮಾ ಈ ಬೀದಿಗಳಲ್ಲೂ ಹುಬ್ಬಳ್ಳಿಯನ್ನೇ ಹುಡುಕುತ್ತಿದ್ದಳು. ಅಂಗಡಿಯ ಗಾಜಿನೊಳಗೆ ತೂಗುಹಾಕಿದ ಸ್ವೆಟರ್ ಕಂಡರೆ ನಿಂತುಬಿಡುವಳು. "ಆವಾಗ ಒಬ್ಬಾಕಿ ಮುದುಕಿ ಪಾಳಾ ಅನ್ನೂ ಹಳ್ಳಿಯಿಂದ ಬರ್ತಿದ್ಲು, ಕಸ್ತೂರಿ ಅಂತ. ವರ್ಷಕ್ಕೊಮ್ಮೆ ಬಂದು ಎಲ್ಲಾ ಸ್ವೆಟರ್ ಮುಟ್ಟಿ ನೋಡಿ, ನಮ್ಮ ಕಡೆ ಥಂಡಿ ಎಲ್ಲೈತಿ ಯವ್ವಾ ಅಂತ ಹೊಳ್ಳಿ ಹೋಗ್ತಿದ್ಲು. ಮುಟ್ಟೂದಕ್ಕ ಬರ್ತಿದ್ಲು, ನೋಡು. ನಾವೂ ಹಾದಿ ಕಾಯ್ತಿದ್ವಿ."

ಆ ಮುದುಕಿಯ ಕೈಯ ಬಗ್ಗೆಯೇ ಯೋಚಿಸುತ್ತಾ ನಡೆದಿದ್ದೆ. ಜನ್ಮವೆಲ್ಲ ಮಕ್ಕಳಿಗೆ ಕಾಲಿಡುವುದನ್ನು ಕಲಿಸಿದ ನನ್ನ ಕಾಲು ಗಾಜಿನಂತಹ ಬರ್ಫಿನ ಮೇಲೆ ಜಾರಿತು. ಬಿದ್ದೆ. ಮೂಳೆ ಮುರಿಯಲಿಲ್ಲ, ಮೊಣಕಾಲು ಊದಿಕೊಂಡಿತು.

"ಅಕ್ಕೋರು ಔಟ್," ಎಂದಳು ಡೋಲ್ಮಾ, ನನ್ನನ್ನು ಎಬ್ಬಿಸುತ್ತಾ. "ನಾಳೆ ನಿಮ್ಮ ಪಿ.ಟಿ. ಪಿರಿಯಡ್ ಇಲ್ಲ."

ಜಪದ ಕೋಣೆ

ಮರುದಿನ ನಸುಕಿನಲ್ಲಿ ವ್ಯಾಯಾಮ ಮಾಡುವಂತಿರಲಿಲ್ಲ. ಸುಮ್ಮನೆ ಮಲಗಲು ನನಗೆ ಬರುವುದಿಲ್ಲ. ಕುಂಟುತ್ತಾ ಹೋಗಿ ಡೋಲ್ಮಾಳ ಜಪದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ನೀರಿನ ಬಟ್ಟಲುಗಳ ಸಾಲು, ಒಂದು ದೀಪ, ಗಂಡನ ಫೋಟೋ. ಡೋಲ್ಮಾ ನಾನು ತಂದುಕೊಟ್ಟ ಫಿಲೋಮಿನಾಳ ಕೌದಿ ಹೊದ್ದು, ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದಳು. ಹಾಸ್ಟೆಲಿನಲ್ಲಿ ಒಂದು ನಿಮಿಷ ಸಾವಧಾನ್‌ನಲ್ಲಿ ನಿಲ್ಲಲು ಆಗದೆ ಬೈಸಿಕೊಳ್ಳುತ್ತಿದ್ದ ಹುಡುಗಿ ಇವಳೇನಾ ಎನಿಸಿತು. ರೆಪ್ಪೆ ಕೂಡ ಅಲುಗುತ್ತಿರಲಿಲ್ಲ. ನಾನೂ ಕೈ ಕಟ್ಟಿ ಕೂತೆ. ನಿಶ್ಶಬ್ದದಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು. ಧಾರವಾಡದ ಆ ಕೋಣೆಯಲ್ಲಿ, ಮಳೆಗೆ ಕರೆಂಟು ಹೋದಾಗಲೂ ಹೀಗೇ ಇತ್ತು.

ಸ್ವಲ್ಪ ಹೊತ್ತಿಗೆ ನೆಲದ ಜಾಳಿಗೆಯ ಗಾಳಿ ನಿಂತಿತು. ಕಾಲಿಗೆ ಚಳಿ ಹತ್ತಿತು. ಡೋಲ್ಮಾ ಕಣ್ಣು ತೆರೆಯದೆಯೇ ಕೌದಿಯನ್ನು ಕಿವಿಯವರೆಗೆ ಎಳೆದುಕೊಂಡಳು. ದಿನವೂ ಮಾಡಿ ರೂಢಿಯಾದವರು ಎಳೆದುಕೊಳ್ಳುವಂತೆ.

ಹಜಾರದಲ್ಲಿ ಫೋನು ಬಡಿದುಕೊಂಡಿತು. ಡೋಲ್ಮಾ ಏಳಲಿಲ್ಲ, ಜಪದ ನಡುವೆ ಏಳುವವಳಲ್ಲ. ನಾನು ಗೋಡೆ ಹಿಡಿದುಕೊಂಡು ಹೋಗಿ ಎತ್ತಿದೆ.

"ಮೌಶಿ? ನೀವು ಮನ್ಯಾಗ ಇದ್ದೀರಿ?" ಎಂದಳು ಪೆಮಾ. "ಅಮಾಲಾ ಎಲ್ಲಿ? ಮನ್ಯಾಗ ಯಾರೂ ಇಲ್ಲ ಅಂತ ಬಂದೇತಿ."

"ಇಬ್ಬರೂ ಇದ್ದೀವಿ. ನಿಮ್ಮವ್ವ ಜಪಕ್ಕ ಕುಂತಾಳ. ನಾ ಬಾಜೂಕ ಇದ್ದೆ. ಕಾವು ಯಾಕ ಇಳಿಸಿದಿ?"

"ನಾ ಇಳಿಸಿಲ್ಲ, ಮೌಶಿ. ಯಾರೂ ಇಲ್ಲ ಅಂತ ಮಶಿನ್ನ ಇಳಸೇತಿ."

ಮಾತಾಡುತ್ತಾ ನಾನು ಗೋಡೆಯ ಗುಂಡಿನ ಮುಂದೆ ಬಂದಿದ್ದೆ. ಅದು ಕಣ್ಣು ಬಿಟ್ಟಿತು. ತಳಮನೆಯಲ್ಲಿ ಒಲೆ ಗುಡುಗಿ ಎದ್ದಿತು.

"ಈಗ ಯಾರೋ ಬಂದ್ರು ಅಂತ ತೋರಸ್ತದ," ಎಂದಳು ಪೆಮಾ.

"ಯಾರೂ ಬಂದಿಲ್ಲವ್ವಾ. ಇದರ ಕಣ್ಣಿಗೆ ನಾ ಈಗ ಬಿದ್ದೆ, ಅಷ್ಟ. ಇದರ ಮುಂದ ಯಾರಾದ್ರೂ ಅಡ್ಡಾಡಿದ್ರ ಮನ್ಯಾಗ ಮಂದಿ ಅದಾರ ಅಂತೈತಿ. ನಾ ಇಷ್ಟು ದಿನ ಇಲ್ಲೇ ಹಜಾರದಾಗ ಕೈಕಾಲು ಬೀಸ್ತಿದ್ದೆ, ಮನಿ ಬೆಚ್ಚಗಿತ್ತು. ಇವತ್ತ ಬೀಸ್ಲಿಲ್ಲ. ನಿಮ್ಮವ್ವ ಎಲ್ಲೂ ಹೋಗಿಲ್ಲ, ಪೆಮಾ. ಯಾವತ್ತೂ ಹೋಗಿಲ್ಲ. ಹಿಂದಿನ ಕೋಣ್ಯಾಗ ಅಲ್ಲಾಡದ ಕುಂತಿದ್ಲು."



"ಅಂದ್ರ ಅಮಾಲಾ ಥಂಡ್ಯಾಗ ಕುಂತಿದ್ಲಾ?" ಎಂದಳು ಪೆಮಾ. "ದಿನಾ?"

ಅದೇ ದಿನ ಮಧ್ಯಾಹ್ನ

ಪೆಮಾ ಡ್ಯೂಟಿ ಮುಗಿಸಿ ನೇರ ಬಂದಳು. ಯೂನಿಫಾರ್ಮಿನಲ್ಲೇ ಜಪದ ಕೋಣೆಗೆ ಹೋಗಿ, ತಾಯಿ ಕೂರುವ ಜಾಗದಲ್ಲಿ ಕೂತು, ನೆಲ ಮುಟ್ಟಿ ನೋಡಿದಳು. ಪಾಳಾದ ಮುದುಕಿ ಸ್ವೆಟರ್ ಮುಟ್ಟುತ್ತಿದ್ದುದು ಹೀಗೇ ಇರಬೇಕು.

"ಯಾಕ ಹೇಳ್ಲಿಲ್ಲ, ಅಮಾಲಾ?"

"ನೀ ಮಾಡಾಕತ್ತೀ ಅಂತ ತಿಳದಿದ್ದೆ."

"ನಾನಾ? ಯಾಕ ಮಾಡ್ಲಿ?"

ಡೋಲ್ಮಾ ಮಗಳ ಪಕ್ಕದಲ್ಲಿ ಕೂತಳು. ಇಬ್ಬರೂ ಟಿಬೆಟನ್ ಭಾಷೆಯಲ್ಲಿ ಏನೋ ಮೆಲ್ಲಗೆ ಮಾತಾಡಿಕೊಂಡರು. ನಾನು ಅಡುಗೆಮನೆಗೆ ಹೋಗಿ ಬೇಕೆಂದೇ ಪಾತ್ರೆ ಸಪ್ಪಳ ಮಾಡಿದೆ.

ಆಮೇಲೆ ಉಪಾಯದ ಮಾತು. ಯಾರೂ ಕಾಣದಿದ್ದರೆ ಬೇಗ ಕಾವು ಇಳಿಸುವಂತೆ ಯಂತ್ರಕ್ಕೆ ಹೇಳಿಟ್ಟಿದ್ದವಳು ಪೆಮಾಳೇ, ಉಳಿತಾಯವಾಗಲಿ ಎಂದು. ಇಳಿಸುವ ಮೊದಲು ಅದು ಕಾಯುವ ಹೊತ್ತನ್ನು ಈಗ ಹಿಗ್ಗಿಸಿದಳು. ಅಷ್ಟು ಸಾಲದು, ಜಪದ ಕೋಣೆಗೂ ಒಂದು ಕಣ್ಣು ಹಾಕಿಸೋಣ ಎಂದಳು.

"ದೇವರ ಮುಂದ ಪೋಲೀಸನ್ನ ಕುಂಡ್ರಸ್ತೀಯೇನು?" ಎಂದಳು ಡೋಲ್ಮಾ. "ನಾ ಒಲ್ಲೆ. ಹಂಗಂತ ಹಜಾರದಾಗ ಕುಂತ್ರೂ ಏನ್ ಬಂತು? ಅಲ್ಲಾಡದವರು ಇದಕ್ಕ ಕಾಣಂಗಿಲ್ಲಲ್ಲ."

ನನಗೆ ವಿಮಾನ ನಿಲ್ದಾಣದ ಸಾಲು ನೆನಪಾಯಿತು. "ನಿಮ್ಮವ್ವನ ಚಕ್ರ ತಗೊಂಡು ಬಾ," ಎಂದೆ ಡೋಲ್ಮಾಳಿಗೆ.

ಗುಂಡಿನ ಎದುರಿಗೆ ಡೋಲ್ಮಾಳ ಆಸನ ಹಾಕಿದೆವು. ಪೆಮಾ ಫೋನು ಹಿಡಿದು ನಿಂತಳು. ಡೋಲ್ಮಾ ಕಲ್ಲಿನಂತೆ ಕೂತಳು. ಗುಂಡು ಕಣ್ಣು ಮುಚ್ಚಿತು. ನಾನು ಸೀಟಿ ಊದಿದೆ. ಅವಳ ಕೈ ಮೇಲೆದ್ದಿತು, ಚಕ್ರ ತಿರುಗಿತು, ಸರಪಳಿಯ ಗುಂಡು ಟಿಕ್ ಟಿಕ್ ಎಂದಿತು. ಗೋಡೆಯ ಗುಂಡು ಕಣ್ಣು ಬಿಟ್ಟಿತು. ಕೈ ಆಡಿದ್ದು ಅದಕ್ಕೆ ಕಂಡಿತ್ತು.

"ಬಲಕ್ಕ ತಿರಗಸು," ಎಂದೆ, ನನ್ನ ಹೊಸ ವಿದ್ಯೆ ತೋರಿಸಲು.

ಡೋಲ್ಮಾ ನಕ್ಕಳು. ಬಂದ ಮೇಲೆ ಮೊದಲ ಸಲ ಅವಳ ಹಳೆಯ ನಗು ಕೇಳಿದೆ. "ನಮ್ಮ ಗುರುಗಳು ಜೀವನಾ ಪೂರ್ತಿ ಹೇಳಿದ್ರು. ನಾನು ಅನ್ನೂದು ಅಳೀಬೇಕು, ಒಳಗ ಯಾರೂ ಇರಬಾರದು, ಹಂಗ ಕುಂಡ್ರು ಅಂತ. ನನ್ನ ಕೈಲೆ ಆಗಂಗಿಲ್ಲ ಅಂತ ತಿಳದಿದ್ದೆ. ಈ ಮಶಿನ್ ನೋಡು, ಯಾರೂ ಇಲ್ಲ ಅಂತ ದಿನಾ ಪಾಸ್ ಮಾಡ್ಯೇತಿ."

ಪೆಮಾ ನಗುತ್ತಲೇ ಕಣ್ಣೊರೆಸಿಕೊಂಡಳು. ಆದರೂ ನರ್ಸಲ್ಲವೇ, ಒಂದು ಷರತ್ತು ಹಾಕಿದಳು: ಜಪದಲ್ಲಿದ್ದರೂ ಫೋನು ಪಕ್ಕದಲ್ಲಿರಬೇಕು, ಬಡಿದರೆ ಎತ್ತಬೇಕು. ಡೋಲ್ಮಾ ದೇವರ ಕೋಣೆಯ ಕಡೆ ನೋಡಿ, ಆತು ಎಂದಳು. ಪೆಮಾ ಅಲ್ಲಿಯೇ ನಿಂತು ಆಶ್ರಮಕ್ಕೆ ಫೋನು ಮಾಡಿದಳು. ಅವಳ ಇಂಗ್ಲಿಷ್ ವೇಗಕ್ಕೆ ನನಗೆ ಹತ್ತಿದ್ದು ಒಂದೇ ಮಾತು: ಕೋಣೆ ಬೇರೆಯವರಿಗೆ ಕೊಡಿ.

ದಾಂಡೇಲಿ

ಬಂದ ಮೇಲೆ ಎಲ್ಲರೂ ಕೆನಡಾದ ದೊಡ್ಡ ಜಲಪಾತದ ಬಗ್ಗೆ ಕೇಳುತ್ತಾರೆ. ನಾನು ಥರ್ಮೋಸ್ಟಾಟಿನ ಬಗ್ಗೆ ಹೇಳುತ್ತೇನೆ. ಯಂತ್ರ ಒಳ್ಳೆಯದೇ. ಹಾಕಿಸುವಾಗ ಕೈ ಸುಡುತ್ತದೆ, ಆದರೆ ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೋಗಿ ಸಂಜೆ ಬರುವ ಮನೆಗೆ ಅದು ಬಿಲ್ಲನ್ನು ನಿಜವಾಗಿಯೂ ಇಳಿಸುತ್ತದೆ. ಸುಮ್ಮನೆ ಕೂತವರು ಮಾತ್ರ ಅದರ ಹಾಜರಿಯಲ್ಲಿ ಬರುವುದಿಲ್ಲ. ಮುದುಕರಿರುವ ಮನೆಗೆ ಹಾಕಿಸುವವರು ಅವರು ಎಲ್ಲಿ ಕೂರುತ್ತಾರೆಂದು ಮೊದಲು ನೋಡಿಕೊಳ್ಳಲಿ. ನಮ್ಮ ಭೋಂಗಾಕ್ಕೆ ಇಷ್ಟು ಬುದ್ಧಿ ಇರಲಿಲ್ಲ. ಯಾರಿದ್ದಾರೆ, ಯಾರಿಲ್ಲ ಎಂದು ನೋಡದೆ ಎಲ್ಲರನ್ನೂ ಕೂಗಿತು. ಅಪ್ಪ ತೀರಿದ ಮರುದಿನ ನಸುಕಿನಲ್ಲೂ ಕೂಗಿತು. ಅವ್ವ ಎದ್ದು ಒಲೆ ಹಚ್ಚಿದಳು.

ಪೆಮಾ ಆ ಯಂತ್ರದ ಸುದ್ದಿ ನನ್ನ ಫೋನಿನಲ್ಲೂ ಕಾಣುವಂತೆ ಮಾಡಿಕೊಟ್ಟಿದ್ದಾಳೆ. ಇಲ್ಲಿ ನಾನು ಮಧ್ಯಾಹ್ನದ ಚಹಾಕ್ಕೆ ಏಳುವ ಹೊತ್ತಿಗೆ ಅಲ್ಲಿ ನಸುಕು. ಒಮ್ಮೆ ತೆರೆದು ನೋಡುತ್ತೇನೆ. ಮನೆಯಲ್ಲಿದ್ದಾರೆ ಎಂದಿರುತ್ತದೆ. ಮುಚ್ಚಿಡುತ್ತೇನೆ.

ನಿನ್ನೆ ಯಾರೂ ಇಲ್ಲ ಎಂದಿತ್ತು. ಫೋನು ಹಚ್ಚಿದೆ. ಬಹಳ ಸಲ ಬಡಿದ ಮೇಲೆ ಡೋಲ್ಮಾ ಎತ್ತಿದಳು.

"ಏನ್ರಿ ಅಕ್ಕೋರ?"

"ಎಲ್ಲಿ ಹೋಗೀದಿ?"

"ಎಲ್ಲಿ ಹೋಗ್ಲಿ? ಇಲ್ಲೇ ಅದೇನಿ. ಕೈ ನಿಂತದ್ದು ಗೊತ್ತಾಗ್ಲಿಲ್ಲ. ಧಾರವಾಡದ ಕೋಣಿ ನೆನಪಾಗಿತ್ತು."

"ತಿರಗಸು."

ಟಿಕ್ ಟಿಕ್ ಎಂದು ಸರಪಳಿ ಆಡಿತು. ಹಿಂದೆಯೇ, ಅಷ್ಟು ದೂರದ ತಳಮನೆಯಲ್ಲಿ ಒಲೆ ಎದ್ದ ಸದ್ದು ನನ್ನ ಕಿವಿಗೆ ಬಂತು. ನಾನು ಚಹಾಕ್ಕೆ ನೀರಿಟ್ಟೆ.